ಹನ್ನೊಂದನೇ ತುಂಡು

ಅನಾಹುತಕ್ಕೆಲ್ಲ ಮೂಲ ಏಳನೇ ಸೂಚನೆ.

ಯೆಹೂದಿ ವೃದ್ಧರ ಮನೆಗಳಿಗೆ ಸ್ವಯಂಸೇವಕರನ್ನು ಕಳಿಸುವ ಸೇವಾ ಬಳಗದ ಕಚೇರಿಯಲ್ಲಿ ಹೊಸಬರ ಕೈಗೆಲ್ಲ ಒಂದು ಹಾಳೆ ಕೊಡುತ್ತಿದ್ದರು. ಅದರಲ್ಲಿ ಹನ್ನೆರಡು ಸೂಚನೆಗಳು. ಒಂದನೆಯದು, ‘ನಾವು ಬಂದಿರುವುದು ಸೇವೆಗೆ, ಉಪದೇಶಕ್ಕಲ್ಲ. ಬಾಯಿ ಕಡಿಮೆ, ಪೊರಕೆ ಹೆಚ್ಚು.’ ಏಳನೆಯದು, ‘ಯುದ್ಧಕಾಲದ ಹಸಿವು ಕಂಡ ವೃದ್ಧರು ಕೆಲವೊಮ್ಮೆ ಮನೆಯ ಮೂಲೆಗಳಲ್ಲಿ ಬ್ರೆಡ್ ಬಚ್ಚಿಡುತ್ತಾರೆ. ಕಂಡರೆ ಕೇಳಬೇಡಿ, ನಗಬೇಡಿ, ಅವರೆದುರಿಗೆ ಎಸೆಯಬೇಡಿ. ಸದ್ದಿಲ್ಲದೆ ತೆಗೆದುಬಿಡಿ.’ ಒಂಬತ್ತನೆಯದು, ‘ಪಸ್ಕ ಹಬ್ಬದ ಹೊತ್ತಿಗೆ ಯೆಹೂದಿಗಳ ಮನೆಗೆ ಬ್ರೆಡ್ಡಿನ ಒಂದು ಚೂರನ್ನೂ ಒಯ್ಯಬೇಡಿ.’

ಮೇಲ್ವಿಚಾರಕ ವೌಟರ್ ಇವನ್ನು ಓದಿ ಹೇಳುವಾಗ ಉಳಿದವರು ಕಾಫಿಗೆ ಸಕ್ಕರೆ ಕಲಸುತ್ತಿದ್ದರು. ಏಳನೆಯದಕ್ಕೆ ಬಂದಾಗ ಅಲೀದಾ ಮಾತ್ರ ಕಣ್ಣೊರೆಸಿಕೊಂಡಳು. ಆ ರಾತ್ರಿಯೇ ಹನ್ನೆರಡನ್ನೂ ಬಾಯಿಪಾಠ ಮಾಡಿದಳು.

ಅಲೀದಾಗೆ ಐವತ್ತಾರು. ಹಾಲೆಂಡಿನ ಹಳ್ಳಿಯೊಂದರ ಶಾಲೆಯಲ್ಲಿ ಮೂವತ್ತೊಂದು ವರ್ಷ ನೆಲ ಒರೆಸಿದವಳು. ಗಂಡ ತೀರಿಕೊಂಡಿದ್ದ; ಮಕ್ಕಳು ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಊಟದ ಮೇಜಿನ ಮುಂದೆ ಅಜ್ಜಿ ದಿನವೂ ಬೈಬಲ್ ಓದುವಾಗ ಕಿವಿಗೆ ಬಿದ್ದ ಹೆಸರುಗಳು ಇಲ್ಲಿ ಬಸ್ಸಿನ ಬೋರ್ಡಿನ ಮೇಲೆ ಮಿಣಮಿಣ ಬೆಳಗುತ್ತ ಬಂದು ನಿಲ್ಲುತ್ತಿದ್ದವು. ಜೆರುಸಲೇಮ್ ಎಂಬ ಊರಿಗೆ ಬಸ್ಸೂ ಇರುತ್ತದೆ, ಅದಕ್ಕೆ ನಂಬರೂ ಇರುತ್ತದೆ ಎನ್ನುವುದನ್ನೇ ಅವಳಿಗೆ ನಂಬಲಾಗುತ್ತಿರಲಿಲ್ಲ. ಮೊದಲ ವಾರ ಮೂರು ಸಲ ಬಸ್ಸು ತಪ್ಪಿತು. ನಿಲ್ದಾಣಕ್ಕೆ ತಡವಾಗಿ ಬಂದದ್ದರಿಂದ ಅಲ್ಲ, ಬೋರ್ಡನ್ನೇ ಬಾಯಿ ತೆರೆದು ನೋಡುತ್ತ ನಿಂತದ್ದರಿಂದ.

ಅದೇ ಅಜ್ಜಿ ಸಾಯುವ ಮುಂಚೆ, ಒಂದೇ ಒಂದು ಸಲ, ಇನ್ನೊಂದು ಮಾತನ್ನೂ ಹೇಳಿದ್ದಳು. ಯುದ್ಧದ ಕಾಲದಲ್ಲಿ ಒಂದು ಸಂಜೆ ಯೆಹೂದಿ ಮಗುವೊಂದು ಬಾಗಿಲಿಗೆ ಬಂದಿತ್ತಂತೆ. ಅಜ್ಜಿ ಬ್ರೆಡ್ ಕೊಟ್ಟಳು. ಬಾಗಿಲನ್ನು ಮಾತ್ರ ಪೂರ್ತಿ ತೆರೆಯಲಿಲ್ಲ. ಆ ಅರ್ಧ ತೆರೆದ ಬಾಗಿಲು ಅಲೀದಾಳ ಎದೆಯೊಳಗೆ ಹಾಗೇ ನಿಂತುಬಿಟ್ಟಿತ್ತು. ಮೂರು ತಿಂಗಳ ವೀಸಾ ಮಾಡಿಸಿಕೊಂಡು, ಸ್ವಂತ ಖರ್ಚಿನಲ್ಲಿ, ಕಾಣದ ಊರಿನ ನೆಲ ಒರೆಸಲು ಅವಳು ಹೊರಟು ಬಂದದ್ದು ಅದಕ್ಕೇ. ಮಕ್ಕಳಿಗೆ ಈ ಕಾರಣ ಹೇಳಿರಲಿಲ್ಲ. ಅಮ್ಮನಿಗೆ ಹೊತ್ತು ಹೋಗುತ್ತಿಲ್ಲ ಎಂದುಕೊಂಡಿದ್ದರು.

ಡಚ್ ಬಲ್ಲವಳೆಂದು ಅವಳನ್ನು ಯೆಟ್ಟಿಯಮ್ಮನ ಮನೆಗೆ ಹಾಕಿದ್ದರು. ಯೆಟ್ಟಿಯಮ್ಮನಿಗೆ ಎಂಬತ್ತೇಳು. ಹುಟ್ಟಿದ್ದು ಆಮ್‌ಸ್ಟರ್‌ಡಾಮಿನಲ್ಲಿ, ಯುದ್ಧದಲ್ಲಿ ಎರಡು ವರ್ಷ ಯಾರದೋ ತೋಟದ ಮನೆಯ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಮೂಟೆಗಳ ಹಿಂದೆ ಉಳಿದುಕೊಂಡವಳು. ಮೈಯಲ್ಲಿ ಮೂಳೆ ಬಿಟ್ಟರೆ ನಾಲಿಗೆ. ಮೊದಲ ದಿನವೇ ಅಲೀದಾಳ ಮಾತು ಕೇಳಿ, “ನಿನ್ನ ಡಚ್ಚಿಗೆ ಹಸುವಿನ ಕೊಟ್ಟಿಗೆ ವಾಸನೆ ಇದೆ ಹುಡುಗಿ,” ಅಂದಿದ್ದಳು. “ಪರವಾಗಿಲ್ಲ, ಸೋಪು ಚೆನ್ನಾಗಿ ಬಳಸ್ತೀಯ.” ಐವತ್ತಾರು ವರ್ಷದವಳನ್ನು ಹುಡುಗಿ ಎಂದು ಕರೆಯುವವರು ಭೂಮಿಯ ಮೇಲೆ ಇನ್ನು ಯಾರೂ ಉಳಿದಿರಲಿಲ್ಲ. ಅಲೀದಾ ಅಲ್ಲೇ ಸೋತುಹೋದಳು.

ಪಸ್ಕಕ್ಕೆ ಒಂದು ದಿನ ಬಾಕಿ. ಹಬ್ಬದ ಏಳು ದಿನ ಮನೆಯೊಳಗೆ ಹುಳಿ ಬರಿಸಿದ ಬ್ರೆಡ್ಡಿನ ಪುಡಿಯೂ ಇರಕೂಡದು. ಅಲೀದಾ ಬೆಳಗ್ಗೆ ಏಳಕ್ಕೇ ಬಂದು, ಹಲ್ಲುಜ್ಜುವ ಬ್ರಷ್ಷು ಹಿಡಿದು, ಅಡುಗೆಮನೆಯ ನೆಲದ ಬಿಲ್ಲೆಗಳ ಸಂದಿ ತಿಕ್ಕತೊಡಗಿದಳು. ಯೆಟ್ಟಿಯಮ್ಮ ಕುರ್ಚಿಯಲ್ಲಿ ಕೂತು ಪ್ರಾರ್ಥನೆಯ ಪುಸ್ತಕಗಳನ್ನು ಒಂದೊಂದಾಗಿ ಕೊಡವುತ್ತಿದ್ದಳು.

“ಪುಸ್ತಕದೊಳಗೆ ಬ್ರೆಡ್ ಎಲ್ಲಿಂದ ಬರುತ್ತೆ ಅಮ್ಮಾ?”

“ನಮ್ಮ ಮನೆಯವರು ಬದುಕಿದ್ದಾಗ ತಿಂತಾ ಓದೋರು. ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಪುಡಿ ಇನ್ನೂ ಉದುರ್ತಾನೇ ಇದೆ.” ಒಂದು ಪುಸ್ತಕ ಮುಚ್ಚಿ, ಏನೋ ಸಣ್ಣ ವಿಷಯ ಎಂಬಂತೆ ಹೇಳಿದಳು: “ನಾಳೆ ಸಂಜೆ ಪಸ್ಕದ ಊಟ ಮೇಲಿನ ಮನೆ ಮಜಾಲ್ ಹತ್ರ. ಇನ್ನೊಂದು ಕುರ್ಚಿ ಹಾಕು, ನಮ್ಮ ಹುಡುಗೀನೂ ಬರ್ತಾಳೆ ಅಂದಿದೀನಿ.”

ಬ್ರಷ್ಷಿನ ನೀರು ಅಲೀದಾಳ ಚಪ್ಪಲಿಯೊಳಗೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಗೊತ್ತಾಗಲಿಲ್ಲ. ಬಳಗದ ಮನೆಯಲ್ಲಿದ್ದ ಹನ್ನೊಂದು ಸ್ವಯಂಸೇವಕರಲ್ಲಿ ಒಬ್ಬರನ್ನೂ ಯಾರೂ ಮನೆಯ ಪಸ್ಕಕ್ಕೆ ಕರೆದಿರಲಿಲ್ಲ. ಐಗುಪ್ತದಿಂದ ಹೊರಟವರ ಮೊಮ್ಮಕ್ಕಳ ಮೊಮ್ಮಕ್ಕಳ ಜೊತೆ ಒಂದೇ ಮೇಜಿನಲ್ಲಿ ತಾನು! ಅತಿ ಚಿಕ್ಕ ಮಗು ಎದ್ದು ನಿಂತು, ಈ ರಾತ್ರಿ ಯಾಕೆ ಬೇರೆ ರಾತ್ರಿಗಳ ಹಾಗಿಲ್ಲ ಎಂದು ಕೇಳುತ್ತದಂತೆ. ಆ ಪ್ರಶ್ನೆಯನ್ನು ಒಂದು ಸಲ ಕಿವಿಯಾರೆ ಕೇಳಿದರೆ ಸಾಕು, ಹುಟ್ಟಿದ್ದು ಸಾರ್ಥಕ. ಪೂರ್ತಿ ತೆರೆದ ಒಂದು ಬಾಗಿಲು. ಪೆಟ್ಟಿಗೆಯ ತಳದಲ್ಲಿದ್ದ ನೀಲಿ ಉಡುಪು ನೆನಪಾಯಿತು. ‘ಬೇಕಾಗಲಾರದು’ ಎಂದು ಎರಡು ಸಲ ತೆಗೆದಿಟ್ಟು ಮೂರನೇ ಸಲ ತುರುಕಿದ್ದ ಉಡುಪು.

ಅಂದು ಅವಳು ತಿಕ್ಕಿದ ರಭಸಕ್ಕೆ ಬಿಲ್ಲೆಗಳ ಹೂವೇ ಕಿತ್ತು ಬರಬೇಕಿತ್ತು.

ಮಧ್ಯಾಹ್ನ ಎರಡಕ್ಕೆ ಮನೆ ಕನ್ನಡಿಯಾಯಿತು. ಯೆಟ್ಟಿಯಮ್ಮ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲೀದಾ ಜಮಖಾನ ಹೊತ್ತು ತಾರಸಿಗೆ ಹೊರಟಾಗ ಮೆಟ್ಟಿಲಲ್ಲಿ ಮಜಾಲ್ ಎದುರಾದಳು. ಮೊರಾಕ್ಕೋ ಕಡೆಯವಳು, ಅರವತ್ತು ದಾಟಿದ ದಪ್ಪ ಹೆಂಗಸು. ಅವಳು ಇಳಿದು ಬಂದರೆ ಮೆಟ್ಟಿಲಿಗೆ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಎರಡು ಕೈಯನ್ನೂ ಏಪ್ರನ್ನಿನ ಜೇಬಿನಲ್ಲಿ ಹುದುಗಿಸಿಕೊಂಡಿದ್ದಳು.

“ಏನ್ ಹಾಲೆಂಡಮ್ಮ, ತಿಕ್ಕಿ ತಿಕ್ಕಿ ನೆಲ ತೂತು ಮಾಡಿದ್ಯಂತೆ? ಕೆಳಗಿನ ಮನೆಯವ್ರ ತಲೆ ಕಾಣಿಸ್ತಿದ್ಯಾ?”

ಆ ಮನೆಗಳಲ್ಲಿ ಮಾತೆಂದರೆ ಹೀಬ್ರೂ, ಇಂಗ್ಲಿಷ್, ಡಚ್ ಎಲ್ಲ ಕಲಸಿದ ಚಿತ್ರಾನ್ನ. ತಮಾಷೆ ಮತ್ತು ಬೈಗುಳ ಮಾತ್ರ ಎಲ್ಲರಿಗೂ ಪೂರ್ತಿ ಅರ್ಥವಾಗುತ್ತಿದ್ದವು. ಅಲೀದಾ ನಕ್ಕು ಮೇಲೆ ಹೋದಳು. ಕಾಲು ಗಂಟೆ ಬಿಟ್ಟು ಬಂದು, ಕಿಟಕಿಯ ಹೂಕುಂಡವನ್ನು ನೇರ ಮಾಡಲು ಎತ್ತಿದರೆ, ಅದರ ಹಿಂದೆ ಬೆಳ್ಳಿ ಕಾಗದದ ಪುಟ್ಟ ಉಂಡೆ. ಬಿಚ್ಚಿದಳು. ಬೆರಳ ತುದಿಯಷ್ಟು ಬ್ರೆಡ್.

ಬೆಳಗ್ಗೆ ಇದೇ ಜಾಗವನ್ನು ಎರಡು ಸಲ ಒರೆಸಿದ್ದಳು. ಆಗ ಇರಲಿಲ್ಲ.

ರೇಡಿಯೋ ಕೆಳಗೆ ಇನ್ನೊಂದು. ಹೊಲಿಗೆ ಡಬ್ಬದಲ್ಲಿ ಮತ್ತೊಂದು.

ಅಲೀದಾ ಹೊಲಿಗೆ ಡಬ್ಬ ಹಿಡಿದು ನೆಲದ ಮೇಲೇ ಕೂತುಬಿಟ್ಟಳು. ಎಲ್ಲ ಅರ್ಥವಾಗಿತ್ತು. ಏಳನೇ ಸೂಚನೆ! ತಾನು ಬೆಳಗಿನಿಂದ ಈ ಮನೆಯ ಕೊನೆಯ ಚೂರು ಬ್ರೆಡ್ಡನ್ನೂ ಗುಡಿಸಿ ಹಾಕಿದ್ದೇನೆ. ಮನೆಯಲ್ಲಿ ಬ್ರೆಡ್ಡಿಲ್ಲ ಎಂದು ಗೊತ್ತಾದ ಕೂಡಲೇ ಆ ನೆಲಮಾಳಿಗೆಯ ಮಗು ಎಚ್ಚರಗೊಂಡಿದೆ. ಮಲಗಿದ ಹಾಗೆ ಮಾಡಿ, ತಾನು ತಾರಸಿಗೆ ಹೋದದ್ದೇ ತಡ, ಎದ್ದು ಬಂದು, ನಡುಗುವ ಕೈಯಲ್ಲಿ, ಒಂದೊಂದೇ ತುಂಡು… ಮುಚ್ಚಿದ ಬಾಗಿಲಿನ ಆಚೆ ಯೆಟ್ಟಿಯಮ್ಮನ ಗೊರಕೆ ಕೇಳುತ್ತಿತ್ತು. ಅಷ್ಟು ದೊಡ್ಡ ದುಃಖ ಅಷ್ಟು ಸಹಜವಾಗಿ ಗೊರಕೆ ಹೊಡೆಯುವುದನ್ನು ಕೇಳಿ ಅವಳ ಮೈ ಜುಮ್ಮೆಂದಿತು.

ಮೂರು ತುಂಡನ್ನೂ ಮುಷ್ಟಿಯಲ್ಲಿ ಹಿಡಿದು ಸದ್ದಿಲ್ಲದೆ ಅಂಗಳಕ್ಕಿಳಿದಳು. ಮನೆಯ ಕಸದಬುಟ್ಟಿಗೆ ಹಾಕಿದರೆ ಅಮ್ಮನಿಗೆ ಕಾಣುತ್ತದೆ. ಬೆಕ್ಕುಗಳಿಗೆ ಹಾಕಿದಳು. ಬೆಕ್ಕು ಮೂಸಿ ನೋಡಿ, ಇಷ್ಟಕ್ಕಾಗಿ ಎಬ್ಬಿಸಿದೆಯಾ ಎನ್ನುವ ಮುಖ ಮಾಡಿತು.

“ಏಯ್! ಏನದು? ಬ್ರೆಡ್ಡಾ?”

ನೆಲಮಹಡಿಯ ಜಿಲ್ಬರ್. ಕಟ್ಟಡದ ಸಮಿತಿಗೆ ಅಧ್ಯಕ್ಷರು. ಸಮಿತಿಯಲ್ಲಿ ಬೇರೆ ಸದಸ್ಯರಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವರು ಆಳಲು ಉಳಿದದ್ದು ಈ ಅಂಗಳ ಒಂದೇ. ನಾಳೆ ಹತ್ತೂವರೆಗೆ ಉಳಿದ ಬ್ರೆಡ್ಡನ್ನೆಲ್ಲ ಸುಡುವ ಡ್ರಮ್ಮನ್ನು ಆಗಲೇ ತಂದಿಟ್ಟು, ನಾಲ್ಕು ಭಾಷೆಯಲ್ಲಿ ನೋಟೀಸು ಅಂಟಿಸಿದ್ದರು.

“ಈಗ ತಾನೇ ಅಂಗಳ ತೊಳೆದಿದೀನಿ! ಪುಡಿ ಉದುರಿಸ್ತೀರಾ? ಎಲ್ಲಿಂದ ಬಂತು ಬ್ರೆಡ್ಡು?”

ಕೇಳಬೇಡಿ, ನಗಬೇಡಿ, ಹೇಳಬೇಡಿ. ಅಲೀದಾ ಬಾಯಿ ಬಿಗಿದುಕೊಂಡು ಮೆಟ್ಟಿಲು ಹತ್ತಿ ಓಡಿದಳು. ಹಿಂದೆ ಜಿಲ್ಬರ್ ಮೊಣಕಾಲೂರಿ ಪುಡಿ ಆರಿಸುತ್ತ, ಬೆಕ್ಕಿಗೂ ಬೈಯುತ್ತಿದ್ದರು.

ಮತ್ತೆ ಏಳು ಸಿಕ್ಕವು. ಚಪ್ಪಲಿ ಗೂಡಿನಲ್ಲಿ, ಫ್ರಿಜ್ಜಿನ ಮೇಲೆ, ಕೊಡೆಯೊಳಗೆ, ಸತ್ತವರ ಫೋಟೋಗಳ ಹಿಂದೆ. ಕೊನೆಗೆ ಹಜಾರದ ಬೀರು ತೆರೆದಳು. ಅಲ್ಲೊಂದು ಹಳೆಯ ಕಂದು ಕೋಟು ತೂಗುತ್ತಿತ್ತು. ಎಡಗಡೆಯ ಒಳಪದರದಲ್ಲಿ ಏನೋ ಗಟ್ಟಿ. ಹೊಲಿಗೆ ಬಿಟ್ಟಿದ್ದ ಜಾಗದಲ್ಲಿ ಎರಡು ಬೆರಳು ಹಾಕಿದಳು. ಇದು ಬೆಳ್ಳಿ ಕಾಗದದಲ್ಲಿರಲಿಲ್ಲ. ತೊಳೆದು ತೊಳೆದು ಜೇಡರಬಲೆಯಷ್ಟು ತೆಳುವಾಗಿದ್ದ ಕರವಸ್ತ್ರ. ಮೂಲೆಯಲ್ಲಿ ನೀಲಿ ದಾರದ ಒಂದು ಅಕ್ಷರ, ಯೆಟ್ಟಿಯಮ್ಮನ ಹೆಸರಿನ ಮೊದಲಿನದು. ಒಳಗೆ ಅರ್ಧ ಅಂಗೈಯಷ್ಟು ಬ್ರೆಡ್, ಕಲ್ಲಿನ ಹಾಗೆ.

ಕೆಳಗೆ ಜಿಲ್ಬರ್ ಕಾವಲು. ಅಲೀದಾ ತಾರಸಿಗೆ ಹೋದಳು. ಎಂಟು ತುಂಡು ಕೈಯಲ್ಲಿ. ಎಸೆಯಲು ಮನಸ್ಸು ಬರಲಿಲ್ಲ. ಒಬ್ಬಳ ಇಡೀ ಬಾಲ್ಯದ ಭಯವನ್ನು ಹೇಗೆ ಎಸೆಯುವುದು? ನೀರಿನ ಟ್ಯಾಂಕುಗಳ ನಡುವೆ, ಬೆಟ್ಟಗಳ ಕಡೆ ಮುಖ ಮಾಡಿ ನಿಂತು, ಕಣ್ಣು ಮುಚ್ಚಿ, ಒಂದೊಂದಾಗಿ ತಿಂದಳು. ಕರವಸ್ತ್ರದ ತುಂಡು ಹಲ್ಲಿಗೆ ಬಗ್ಗಲಿಲ್ಲ. ಊರಿನ ಚರ್ಚಿನಲ್ಲಿ ಪಾದ್ರಿಯ ದೀರ್ಘ ಪ್ರಸಂಗದ ಹೊತ್ತಿಗೆ ಪೆಪ್ಪರಮಿಂಟು ಇಟ್ಟುಕೊಳ್ಳುವ ಹಾಗೆ ಕೆನ್ನೆಯಲ್ಲಿಟ್ಟು ಕರಗಿಸಿದಳು. ಅದರ ರುಚಿ ಬೇರೆಯವುಗಳ ಹಾಗಿರಲಿಲ್ಲ. ಯಾಕೆಂದು ಅವಳು ಯೋಚಿಸಲಿಲ್ಲ. ಗಾಳಿ ಬೀಸುತ್ತಿತ್ತು. ಬೈಬಲ್ಲಿನ ಕೀರ್ತನೆಗಳಲ್ಲಿ ಬರುವ ಬೆಟ್ಟಗಳು ಇವೇ ಎಂದು ಅವಳು ಅಳುತ್ತ ಅಗಿಯುತ್ತಿದ್ದಳು. ಬೆಳ್ಳಿ ಕಾಗದ, ಕರವಸ್ತ್ರ ಎಲ್ಲ ಏಪ್ರನ್ನಿನ ಜೇಬಿನಲ್ಲಿ.

ಕತ್ತಲಾಗುತ್ತಿದ್ದಂತೆ ಯೆಟ್ಟಿಯಮ್ಮ ದೀಪ ಆರಿಸಿ ಮೇಣದಬತ್ತಿ ಹಚ್ಚಿದಳು. ಮಜಾಲ್ ಬಂದಳು. ಶಾಸ್ತ್ರ ತಪ್ಪದಿರಲಿ ಎಂದು ಜಿಲ್ಬರ್ ಕರೆಯದೆಯೇ ಬಂದರು. ಅಲೀದಾಳ ಕೈಗೆ ಒಂದು ಮರದ ಚಮಚ, ಒಂದು ಹಕ್ಕಿಗರಿ.

“ಗಟ್ಟಿಯಾಗಿ ಹಿಡ್ಕೋ,” ಅಂದಳು ಯೆಟ್ಟಿಯಮ್ಮ. “ಸಿಕ್ಕಿದ್ದನ್ನ ಗರಿಯಿಂದ ಚಮಚಕ್ಕೆ ಗುಡಿಸ್ಬೇಕು.”

ಅವಳು ಹೀಬ್ರೂವಿನಲ್ಲಿ ಪುಟ್ಟ ಪ್ರಾರ್ಥನೆ ಹೇಳಿದಳು. ಯಾವ ಕಾಲದ ಮಾತೋ, ಈ ಸಣ್ಣ ಹಜಾರದಲ್ಲಿ, ಚಪ್ಪಲಿ ಗೂಡಿನ ಪಕ್ಕ! ಅಲೀದಾ ಉಸಿರು ಹಿಡಿದು ನಿಂತಳು. ಮೇಣದಬತ್ತಿ ಹೂಕುಂಡದ ಹಿಂದೆ ಹೋಯಿತು.

“ಏನೂ ಇಲ್ವಲ್ಲೇ ಮಜಾಲ್.”

“ಇಲ್ದೆ ಏನು? ಅಲ್ಲೇ ಇಟ್ಟಿದೀನಿ. ಕನ್ನಡಕ ಹಾಕ್ಕೊಳ್ಳಿ.”

ರೇಡಿಯೋ ಕೆಳಗೆ ಇಲ್ಲ. ಹೊಲಿಗೆ ಡಬ್ಬದಲ್ಲಿ ಇಲ್ಲ. ಮಜಾಲ್ ಕೊಡೆ ಕೊಡವಿದಳು, ಫ್ರಿಜ್ಜಿನ ಮೇಲೆ ಕೈಯಾಡಿಸಿದಳು.

ಅಲೀದಾ ಮಜಾಲಳ ಕಡೆ ತಿರುಗಿದಳು. “ನಾವು ಏನು ಹುಡುಕ್ತಿರೋದು?”

“ಬ್ರೆಡ್ಡು ಕಣೇ! ಹುಡುಕೋ ಶಾಸ್ತ್ರ ಮಾಡಿ ಏನೂ ಸಿಗದೇ ಹೋದ್ರೆ ಪ್ರಾರ್ಥನೆ ದಂಡ ಆಗಲ್ವಾ? ಅದಕ್ಕೇ ಒಬ್ರು ಹತ್ತು ತುಂಡು ಬಚ್ಚಿಡ್ತಾರೆ, ಇನ್ನೊಬ್ರು ಹುಡುಕ್ತಾರೆ. ಯೆಟ್ಟಿಯಮ್ಮಂಗೆ ಪ್ರತಿ ವರ್ಷ ನಾನೇ ಇಡೋದು. ಮಧ್ಯಾಹ್ನ ನೀನು ಜಮಖಾನ ಕೊಡವ್ತಿದ್ದಾಗ ಇಟ್ಟು ಹೋದೆ. ಮೊಮ್ಮಕ್ಕಳಾಣೆ, ಹತ್ತು!”

ಚಮಚ ಅಲೀದಾಳ ಕೈಯಿಂದ ಜಾರಿ ನೆಲದಲ್ಲಿ ಟಕಟಕ ಕುಣಿಯಿತು.

“ಇಲಿ,” ಅಂದರು ಜಿಲ್ಬರ್.

“ಬೆಳ್ಳಿ ಕಾಗದ ಸಮೇತ ನುಂಗೋ ಇಲಿನಾ ಜಿಲ್ಬರ್ ಸಾಹೇಬ್ರೇ? ಸಮಿತಿಯವ್ರು ಸಾಕಿರೋದಾ?”

“ಇಟ್ಟದ್ದು ಸಿಗ್ಲಿಲ್ಲ ಅಂದ್ರೆ ಶಾಸ್ತ್ರ ಒಂದೇ. ಇಡೀ ಮನೆ ಮೊದಲಿಂದ ಹುಡುಕ್ಬೇಕು.” ಜಿಲ್ಬರ್ ಆಗಲೇ ತೋಳು ಮಡಚಿದ್ದರು. ಹೆಂಡತಿ ಹೋದ ಮೇಲೆ ಅವರಿಗೆ ಇಷ್ಟು ಸಂತೋಷದ ಸಂಜೆ ಸಿಕ್ಕಿರಲಿಲ್ಲ. ಫ್ರಿಜ್ಜು ಗೋಡೆಯಿಂದ ಈಚೆ ಬಂತು. ಸೋಫಾ ಮಗುಚಿ ಕಾಲು ಮೇಲೆತ್ತಿ ಮಲಗಿತು. ಎದುರುಮನೆಯವರು ಬಂದು ಪರದೆ ಬಿಚ್ಚಿದರು. ಮನೆ, ಕಳ್ಳರು ಬಂದು ಏನೂ ಸಿಗದೆ ಸಿಟ್ಟಾಗಿ ಹೋದ ಹಾಗಾಯಿತು.

ಹೇಳಿಬಿಡಲೇ? ಹೇಳಿದರೆ ನಾಳೆಯ ಕುರ್ಚಿ? ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ನೀಲಿ ಉಡುಪು, ಎದ್ದು ನಿಲ್ಲುವ ಮಗು, ಆ ಪ್ರಶ್ನೆ. ಆಗ ಯೆಟ್ಟಿಯಮ್ಮ ಹಿಡಿದಿದ್ದ ಮೇಣದಬತ್ತಿ ವಾಲಿ, ಕರಗಿದ ಮೇಣ ಬೆರಳಿನ ಮೇಲೆ ಬಿತ್ತು. ಮುದುಕಿ ಸದ್ದು ಮಾಡಲಿಲ್ಲ. ಸದ್ದು ಮಾಡದೆ ನೋವು ತಿನ್ನುವುದನ್ನು ತುಂಬಾ ಚಿಕ್ಕ ವಯಸ್ಸಿನಲ್ಲಿ ಕಲಿತವಳ ಹಾಗೆ.

“ನಾನು ತಿಂದೆ,” ಅಂದಳು ಅಲೀದಾ.

ಸೋಫಾ ಎತ್ತಿ ಹಿಡಿದಿದ್ದ ಜಿಲ್ಬರ್ ಅದನ್ನು ಕಾಲ ಮೇಲೆ ಬಿಟ್ಟುಕೊಂಡರು.

“ಏನು?”

“ಬ್ರೆಡ್. ನಾನೇ ತಿಂದೆ. ಮೂರು ತುಂಡು ಬೆಕ್ಕಿಗೆ. ಮಿಕ್ಕಿದ್ದು ನಾನು.”

ಮಜಾಲ್ ನಗತೊಡಗಿದಳು. ಮೊದಲು ಹೊಟ್ಟೆ, ಆಮೇಲೆ ಭುಜ, ಕೊನೆಗೆ ಕಟ್ಟಡ ನಕ್ಕಿತು. “ಅಯ್ಯೋ ಹಾಲೆಂಡಮ್ಮ! ಹಸಿವಾಗಿದ್ರೆ ಮೇಲೆ ಬಂದು ಒಂದು ಮಾತು ಕೇಳ್ಬಾರ್ದಾ? ಗೂಡು ಗೂಡು ಹುಡುಕ್ಕೊಂಡು ತಿನ್ಬೇಕಾ?” ಯೆಟ್ಟಿಯಮ್ಮನೂ ನಕ್ಕಳು. ಇರುವ ನಾಲ್ಕು ಹಲ್ಲೂ ಕಂಡವು. ಅಲೀದಾಳ ಎದೆಯ ಕಲ್ಲು ಕರಗಿತು. ಕುರ್ಚಿ ಉಳಿಯಿತು!

“ನಗೋದು ಸರಿ,” ಜಿಲ್ಬರ್ ಕಾಲು ತಿಕ್ಕಿಕೊಳ್ಳುತ್ತ ಅಂದರು. “ಲೆಕ್ಕ ಆಗ್ಬೇಕು. ಹತ್ತೂ ಇವ್ರೇ ತೆಗೆದ್ರು ಅನ್ನೋದಕ್ಕೆ ಏನು ಗ್ಯಾರಂಟಿ?”

“ಇದೆ, ಇದೆ,” ಎಂದು ಅಲೀದಾ ಉತ್ಸಾಹದಿಂದ ಏಪ್ರನ್ನಿನ ಜೇಬನ್ನು ಮೇಜಿನ ಮೇಲೆ ಕೊಡವಿದಳು. ಬೆಳ್ಳಿ ಕಾಗದಗಳು ಉರುಳಿದವು. ಜಿಲ್ಬರ್ ಬೆರಳಿಟ್ಟು ಎಣಿಸಿದರು. “...ಎಂಟು, ಒಂಬತ್ತು, ಹತ್ತು. ಸರಿ. ಮತ್ತೆ ಇದು?”

ಕರವಸ್ತ್ರ. ಮಡಿಕೆಯಲ್ಲಿ ಕಂದು ಬಣ್ಣದ ಪುಡಿ.

“ಇದ್ರಲ್ಲೂ ಬ್ರೆಡ್ ಇತ್ತು! ಮಜಾಲ್, ಕರವಸ್ತ್ರದಲ್ಲೂ ಇಟ್ಟಿದ್ಯಾ?”

“ನಾನ್ಯಾಕೆ ಇಡ್ಲಿ? ಹತ್ತಕ್ಕೂ ಬೆಳ್ಳಿ ಕಾಗದವೇ.”

ಯೆಟ್ಟಿಯಮ್ಮನ ನಗು ನಿಂತಿತ್ತು. ಮೇಣದಬತ್ತಿಯ ಬೆಳಕಿನಲ್ಲಿ ಅವಳ ಮುಖ ಕಾಗದವಾಗಿತ್ತು. ಎಂಬತ್ತೇಳು ವರ್ಷದ ಮುಖದೊಳಗಿಂದ ಐದು ವರ್ಷದ ಕಣ್ಣೆರಡು ಅಲೀದಾಳನ್ನೇ ನೋಡುತ್ತಿದ್ದವು, ನೆಲಮಾಳಿಗೆಯ ಮೇಲೆ ಯಾರದೋ ಬೂಟಿನ ಸದ್ದು ಕೇಳಿದ ಹಾಗೆ.

ಏಳನೇ ಸೂಚನೆ ಸುಳ್ಳಾಗಿರಲಿಲ್ಲ. ಹತ್ತು ಸಲ ಸುಳ್ಳಾಗಿ, ಹನ್ನೊಂದನೇ ಸಲ ನಿಜವಾಗಿತ್ತು. ಹಬ್ಬಕ್ಕೆ ಇಷ್ಟು ಮಡಿಯಿಂದ ಪುಸ್ತಕ ಕೊಡವುವವಳು, ಮಜಾಲಳಿಗೂ ಗಂಡನಿಗೂ ದೇವರಿಗೂ ಕಾಣದ ಹಾಗೆ, ವರ್ಷವರ್ಷವೂ ಒಂದು ತುಂಡು ಉಳಿಸಿಕೊಳ್ಳುತ್ತ ಬಂದಿದ್ದಳು. ಮೊದಲ ದಿನ ಬಸ್ಸಿನ ಬೋರ್ಡನ್ನು ನೋಡಿದ ಹಾಗೆ ಅಲೀದಾ ಆ ಕಂದು ಪುಡಿಯನ್ನು ನೋಡಿದಳು. ಈ ಊರಿನಲ್ಲಿ ಅವಳು ನೋಡಲು ಬಂದ ಕಲ್ಲುಗಳಿಗಿಂತ ಹಳೆಯದು, ದೊಡ್ಡದು ಏನೋ, ಮೇಜಿನ ಮೇಲೆ ಪುಡಿಯಾಗಿ ಬಿದ್ದಿತ್ತು.

ಜಿಲ್ಬರ್ ಕರವಸ್ತ್ರದ ಮೂಲೆ ಬಿಡಿಸಲು ಕೈಚಾಚಿದರು. ಅಲೀದಾ ಫಕ್ಕನೆ ಕಸಿದು, ಅಕ್ಷರವನ್ನು ಮುಷ್ಟಿಯೊಳಗೆ ಮುಚ್ಚಿದಳು.

“ಅದು ನಂದು,” ಅಂದಳು. “ನನ್ನ ಕರವಸ್ತ್ರ. ನನ್ನ ತಿಂಡಿ. ಬೆಳಗ್ಗೆ ಚೀಲದಲ್ಲಿ ತಂದಿದ್ದೆ.”

ಯಾರೂ ನಗಲಿಲ್ಲ.

“ಈ ಮನೆಗೆ?” ಮಜಾಲಳ ದನಿ ಮೊದಲ ಬಾರಿಗೆ ಸಣ್ಣದಾಯಿತು. “ಶುದ್ಧ ಮಾಡಿದ ಮನೆಗೆ ಬ್ರೆಡ್ ತಂದ್ಯಾ? ನೀನಾ?”

“ಹಾಗಾದ್ರೆ ಎಲ್ಲೆಲ್ಲಿ ಪುಡಿ ಬಿದ್ದಿದ್ಯೋ!” ಜಿಲ್ಬರ್ ಎರಡು ಕೈಯನ್ನೂ ಎತ್ತಿದರು. “ಬೆಳಗ್ಗೆ ಇಡೀ ಮನೆ ಮತ್ತೆ ತೊಳೀಬೇಕು! ನಾನಾಗ್ಲೇ ಅಂಗಳದಲ್ಲಿ ನೋಡಿ ಅಂದ್ಕೊಂಡೆ!”

ಅಲೀದಾ ಯೆಟ್ಟಿಯಮ್ಮನ ಕಡೆ ನೋಡಿದಳು. ಒಂದು ಮಾತು ಬಂದರೆ ಸಾಕಿತ್ತು. ಮುದುಕಿ ತಡವಾಗಿ ಬಾಯಿ ತೆರೆದಳು.

“ಹೌದು. ಇವಳದ್ದೇ,” ಅಂದಳು. “ಬೆಳಗ್ಗೆನೇ ವಾಸನೆ ಬಂದಿತ್ತು ನಂಗೆ.”

ಮಜಾಲ್ ಅಲೀದಾಳ ತೋಳು ಹಿಡಿದು ಮೆಟ್ಟಿಲ ಬಳಿ ಕರೆದೊಯ್ದಳು. ಕೋಪ ಇಳಿದಿತ್ತು, ಸಂಕಟ ಏರಿತ್ತು. “ನೋಡು, ನಂಗೇನೂ ಇಲ್ಲ. ಆದ್ರೆ ನಾಳೆ ಇಪ್ಪತ್ಮೂರು ಜನ. ನಮ್ಮ ಭಾವ ಒಬ್ರು ಬರ್ತಾರೆ, ಮಹಾ ಮಡಿ, ನನ್ನ ಹಲ್ಲಿನ ಸಂದೀನೂ ಬಿಡಿಸಿ ನೋಡೋರು. ಈ ಜಿಲ್ಬರ್ ಹೇಳ್ದೆ ಬಿಡಲ್ಲ. ಹೇಳಿದ್ರೆ ಅವ್ರು ನಮ್ಮನೇಲಿ ನೀರೂ ಮುಟ್ಟಲ್ಲ.” ಏಪ್ರನ್ನಿಗೆ ಕೈ ಒರೆಸಿಕೊಂಡಳು. “ಕುರ್ಚಿ ಜಿಲ್ಬರ್‌ಗೇ ಕೊಡ್ತೀನಿ. ಬಾಯಾದ್ರೂ ಮುಚ್ಚಲಿ.”

ಮೇಲೆ ಹೋಗಿ ಬಾಗಿಲು ಹಾಕಿಕೊ‍ಂಡಳು. ಒಮ್ಮೆಲೇ ಅಲ್ಲ. ಅರ್ಧ ತೆರೆದು, ಒಮ್ಮೆ ಹಿಂದಿರುಗಿ ನೋಡಿ, ಆಮೇಲೆ. ಅಲೀದಾ ಆ ಬಾಗಿಲನ್ನು ತುಂಬಾ ಹೊತ್ತು ನೋಡುತ್ತ ನಿಂತಳು. ಆಚೆ ಕಡೆ ನಿಂತರೆ ಹೀಗಿರುತ್ತದೆ ಎಂದು ಈಗ ಗೊತ್ತಾಯಿತು.

ಬಳಗದ ಮನೆ ತಲುಪುವ ಮೊದಲೇ ಜಿಲ್ಬರ್ ಫೋನು ಅಲ್ಲಿಗೆ ತಲುಪಿತ್ತು. “ಒಂಬತ್ತನೇ ಸೂಚನೆ, ಅಲೀದಾ!” ವೌಟರ್ ತಲೆ ಹಿಡಿದುಕೊಂಡಿದ್ದ. “ಬಾಯಿಪಾಠ ಮಾಡಿದ್ದು ನೀವೊಬ್ಬರೇ ಅಂದ್ಕೊಂಡಿದ್ದೆ!” ಹಬ್ಬ ಮುಗಿದ ಮೇಲೆ ಹೊಸಬರ ಜೊತೆ ಮತ್ತೆ ಮೊದಲ ತರಗತಿಗೆ ಕೂರಬೇಕೆಂದು ಅಪ್ಪಣೆಯಾಯಿತು.

ಮರುದಿನ ಬೆಳಗ್ಗೆ ಅಲೀದಾ ಮತ್ತೆ ಬ್ರಷ್ಷು ಹಿಡಿದು ಅದೇ ಬಿಲ್ಲೆಗಳ ಮುಂದೆ ಮಂಡಿಯೂರಿದ್ದಳು. ಒಗೆದು ಮಡಚಿದ ಕರವಸ್ತ್ರವನ್ನು ಅಲೀದಾ ಮೇಜಿನ ಅಂಚಿನಲ್ಲಿಟ್ಟಳು. ತಿರುಗಿ ನೋಡುವಷ್ಟರಲ್ಲಿ ಅದು ಅಲ್ಲಿರಲಿಲ್ಲ.

ಹತ್ತೂವರೆಗೆ ಅಂಗಳದ ಡ್ರಮ್ಮಿನಲ್ಲಿ ಬೆಂಕಿ ಎದ್ದಿತು. ಎಲ್ಲ ಮನೆಯವರೂ ಉಳಿದ ಬ್ರೆಡ್ ತಂದು ಹಾಕುತ್ತಿದ್ದರು. ಯೆಟ್ಟಿಯಮ್ಮನ ಮರದ ಚಮಚ, ಗರಿ ಹಿಡಿದು ಅಲೀದಾ ದೂರದಲ್ಲಿ ನಿಂತಿದ್ದಳು. ಆಗ ಜನ ತಿರುಗಿ ನೋಡಿದರು. ಮೆಟ್ಟಿಲಿಳಿದು ಆರು ತಿಂಗಳಾಗಿದ್ದ ಯೆಟ್ಟಿಯಮ್ಮ ಕಂಬಿ ಹಿಡಿದು ಇಳಿದು ಬರುತ್ತಿದ್ದಳು. ಏಪ್ರಿಲ್ ಬಿಸಿಲಿನಲ್ಲಿ, ಮೈಮೇಲೆ ಕಂದು ಕೋಟು.

ಸೀದಾ ಅಲೀದಾಳ ಮುಂದೆ ಬಂದು ನಿಂತಳು. ಕೋಟಿನ ಬಲಗಡೆಯ ಒಳಪದರಕ್ಕೆ ಕೈ ಹಾಕಿ, ಕರವಸ್ತ್ರದ ಒಂದು ಗಂಟು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಅಲೀದಾ, ನಿನ್ನ ತಿಂಡಿ ಮತ್ತೆ ನಮ್ಮನೇಲೇ ಬಿಟ್ಟಿದ್ದೀಯ ನೋಡು.”

“ಇನ್ನೊಂದಾ!” ಜಿಲ್ಬರ್ ಕಿರುಚಿದರು. “ಇವತ್ತೂ ತಂದ್ರಾ? ಈ ಹಾಲೆಂಡ್‌ನೋರು ಎಷ್ಟು ಸಲ ತಿಂತಾರಪ್ಪಾ!”

ಅಲೀದಾ ಗಂಟನ್ನು ತೆಗೆದುಕೊಂಡಳು. ಯೆಟ್ಟಿಯಮ್ಮ ಕೊಡುವಾಗ ಅವಳ ಕೈಯನ್ನು ಒಂದು ಗಳಿಗೆ ಬಿಡಲಿಲ್ಲ. ಕಿವಿಯ ಹತ್ತಿರ ಬಗ್ಗಿ, ಡಚ್ಚಿನಲ್ಲಿ ಹೇಳಿದಳು: “ನೀನು ಎಡಗಡೆ ಮಾತ್ರ ನೋಡಿದ್ದೆ. ಕೋಟಿಗೆ ಎರಡು ಕಡೆ ಇರುತ್ತೆ, ಹುಡುಗಿ.”

ಅಲೀದಾ ತಲೆ ತಗ್ಗಿಸಿ, ತಪ್ಪಿತಸ್ಥಳ ಹಾಗೆ ಹೋಗಿ, ಅದನ್ನು ಬೆಂಕಿಗೆ ಹಾಕಿದಳು. ಹಿಂದೆ ಯೆಟ್ಟಿಯಮ್ಮ, ಎರಡು ಕಡೆಯೂ ಹಗುರವಾದ ಕೋಟಿನಲ್ಲಿ, ಕಣ್ಣು ಮಿಟುಕಿಸದೆ ಉರಿಯನ್ನು ನೋಡುತ್ತಿದ್ದಳು.

ಎರಡನೇ ಸಲದ ತಪ್ಪಿಗೆ ಜಿಲ್ಬರ್ ದಂಡ ವಿಧಿಸಿದರು: ಡ್ರಮ್ಮು ಆರಿದ ಮೇಲೆ ತಿಕ್ಕಿ ತೊಳೆದು, ಅಂಗಳದ ಬೂದಿಯನ್ನೆಲ್ಲ ಬಳಿಯುವುದು. ಅದು ಮುಗಿಯುವಾಗ ಮಧ್ಯಾಹ್ನ ಮೂರು. ಮೇಲಿನ ಕಿಟಕಿಯಿಂದ ಮಜಾಲ್ ಕೂಗಿದಳು. ಅವಳ ಹಿಂದೆ ಹುರಿದ ಈರುಳ್ಳಿಯ ಘಮ, ಮಕ್ಕಳ ಗಲಾಟೆ.

“ಹಾಲೆಂಡಮ್ಮ! ಬೇಜಾರು ಮಾಡ್ಕೋಬೇಡ! ಮುಂದಿನ ವರ್ಷ! ಮುಂದಿನ ವರ್ಷ ಖಂಡಿತಾ!”

ಮೇ ತಿಂಗಳಿಗೆ ವೀಸಾ ಮುಗಿಯುತ್ತದೆ ಎಂದು ಅಲೀದಾ ಹೇಳಲಿಲ್ಲ. ಕೈಯಾಡಿಸಿ, ಬೂದಿ ಮೆತ್ತಿದ ಚಪ್ಪಲಿಯಲ್ಲಿ ಬಸ್ ನಿಲ್ದಾಣಕ್ಕೆ ನಡೆದಳು. ಪಸ್ಕದ ಊಟದ ಕೊನೆಯಲ್ಲಿ ಎಲ್ಲರೂ ಸೇರಿ ಹೇಳುವ ಮಾತೂ ಅದೇ ಅಲ್ಲವೇ, ಮುಂದಿನ ವರ್ಷ ಜೆರುಸಲೇಮಿನಲ್ಲಿ. ಆ ಮಾತು ಹೇಳಿಕೊಂಡೇ ಎರಡು ಸಾವಿರ ವರ್ಷ ಕಾದವರು ಇವರು. ಸಾಲಿನ ತುತ್ತತುದಿಯಲ್ಲಿ ತನಗೂ ಒಂದು ಜಾಗ ಸಿಕ್ಕಿತಲ್ಲ ಎಂದುಕೊಂಡಳು.

ಹಬ್ಬಕ್ಕೆ ಮುಂಚಿನ ಕೊನೆಯ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಹಣೆಯ ಮೇಲೆ ಬೋರ್ಡು ಬೆಳಗುತ್ತಿತ್ತು. ಅಲೀದಾ ಆ ಹೆಸರನ್ನು ಓದಿದಳು, ಇನ್ನೊಮ್ಮೆ ಓದಿದಳು. ಓದುತ್ತ ನಿಂತವಳನ್ನು ಅಲ್ಲೇ ಬಿಟ್ಟು ಬಸ್ಸು ಹೊರಟುಹೋಯಿತು.